ಎಪ್ಪತ್ತರ ನಂತರವೂ ಸೈಕಲ್: ದೇಹಕ್ಕೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

2017ರ ಜನವರಿಯಲ್ಲಿ ಪ್ಯಾರಿಸ್ ಹತ್ತಿರದ ಸೈಕಲ್ ಟ್ರ್ಯಾಕಿನಲ್ಲಿ ರೋಬೆರ್ ಮಾರ್ಷಾಂ ಎಂಬ ಫ್ರೆಂಚ್ ಹಿರಿಯರು ಒಂದು ಗಂಟೆಯಲ್ಲಿ 22.547 ಕಿಲೋಮೀಟರ್ ಸೈಕಲ್ ತುಳಿದರು. ಆಗ ಅವರ ವಯಸ್ಸು 105. ಹುಟ್ಟಿದ್ದು 1911ರಲ್ಲಿ, ತೀರಿಕೊಂಡದ್ದು 2021ರಲ್ಲಿ, 109ನೇ ವಯಸ್ಸಿನಲ್ಲಿ. ಹರೆಯದಲ್ಲಿ ಸೈಕಲ್ ಹುಚ್ಚಿದ್ದರೂ ಹೊಟ್ಟೆಪಾಡಿಗಾಗಿ ವೆನೆಜುವೆಲಾ, ಕೆನಡಾ ಎಂದು ಅಲೆಯುತ್ತ ದಶಕಗಳ ಕಾಲ ಅದನ್ನು ಬಿಟ್ಟಿದ್ದರು. ಮತ್ತೆ ಸೈಕಲ್ ಹತ್ತಿದ್ದು ಅರವತ್ತೇಳರ ಆಸುಪಾಸಿನಲ್ಲಿ. ನಮ್ಮಲ್ಲಿ ಬಹಳ ಮಂದಿ ‘ಇನ್ನು ಸಾಕಪ್ಪ, ಬಿದ್ದುಗಿದ್ದರೆ ಕಷ್ಟ’ ಎಂದು ಸೈಕಲ್ಲನ್ನು ಗೋಡೆಗೆ ಒರಗಿಸಿಬಿಡುವ ವಯಸ್ಸು ಅದು.

ಅಷ್ಟು ದೊಡ್ಡ ಆಯುಸ್ಸು ಎಲ್ಲರಿಗೂ ಬರುವುದಿಲ್ಲ. ಆದರೆ ಮಾರ್ಷಾಂ ಅವರ ಮೇಲೆ ನಡೆದ ಅಧ್ಯಯನವೊಂದರಲ್ಲಿ ಎಲ್ಲರಿಗೂ ದಕ್ಕುವ ಪಾಠವಿದೆ. ಶರೀರಕ್ರಿಯಾ ವಿಜ್ಞಾನಿ ವೆರೊನಿಕ್ ಬಿಲಾ ಮತ್ತು ಸಂಗಡಿಗರು 101ನೇ ವಯಸ್ಸಿನಿಂದ 103ರವರೆಗೆ ಅವರ ತರಬೇತಿಯನ್ನು ಹಿಂಬಾಲಿಸಿದರು. ವರ್ಷಕ್ಕೆ ಸುಮಾರು 5000 ಕಿಲೋಮೀಟರ್. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಹಗುರವಾಗಿ, ಒಂದು ಪಾಲು ಸ್ವಲ್ಪ ಜೋರಾಗಿ. ದೇಹ ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಆಮ್ಲಜನಕ ಬಳಸಿಕೊಳ್ಳಬಲ್ಲದು ಎಂಬ ಅಳತೆ ಆ ಅವಧಿಯಲ್ಲಿ ದೇಹತೂಕದ ಪ್ರತಿ ಕಿಲೋಗೆ 31 ಮಿಲಿಲೀಟರಿನಿಂದ 35ಕ್ಕೆ ಏರಿತ್ತು. ನೂರು ದಾಟಿದ ದೇಹವೇ ಹೀಗೆ ಸ್ಪಂದಿಸಿತೆಂದರೆ ಎಪ್ಪತ್ತರ ದೇಹದ ಬಗ್ಗೆ ಕೈಚೆಲ್ಲಿ ಕೂರಲು ಕಾರಣವಿಲ್ಲ. ಕ್ರಮ ಗೊತ್ತಿರಬೇಕು, ಸೈಕಲ್ಲಿನಿಂದ ಆಗದ ಕೆಲಸ ಯಾವುದು ಎಂಬುದೂ ಗೊತ್ತಿರಬೇಕು.

ವಯಸ್ಸು ಕಸಿಯುವ ನಾಲ್ಕು

ಮೊದಲನೆಯದು ದಮ್ಮು. ವಯಸ್ಸಾದಂತೆ ಹೃದಯದ ಗರಿಷ್ಠ ಬಡಿತ ಇಳಿಯುತ್ತದೆ. ಕೂತೇ ಇರುವವರಲ್ಲಿ ಆಮ್ಲಜನಕ ಬಳಸುವ ಸಾಮರ್ಥ್ಯ ಹತ್ತು ವರ್ಷಕ್ಕೆ ಸುಮಾರು ಶೇ. 10ರಷ್ಟು ಕುಗ್ಗುತ್ತ ಹೋಗುತ್ತದೆ. ಎಡೆಬಿಡದೆ ವ್ಯಾಯಾಮ ಮಾಡುವವರಲ್ಲಿ ಈ ಇಳಿತ ನಿಧಾನ.

ಎರಡನೆಯದು ಸ್ನಾಯು. ಮೂವತ್ತು ದಾಟಿದ ಮೇಲೆ ದಶಕಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಆ ವೇಗ ಇನ್ನೂ ಹೆಚ್ಚು. ಅದರಲ್ಲೂ ಚುರುಕಾಗಿ ಕೆಲಸ ಮಾಡುವ ಎಳೆಗಳು ಮೊದಲು ಸೊರಗುತ್ತವೆ. ಎಡವಿದಾಗ ಥಟ್ಟನೆ ಇನ್ನೊಂದು ಕಾಲು ಮುಂದಿಟ್ಟು ಸಾವರಿಸಿಕೊಳ್ಳುವುದು ಈ ಎಳೆಗಳಿಂದಲೇ.

ಮೂರನೆಯದು ಮೂಳೆ, ನಾಲ್ಕನೆಯದು ಸಮತೋಲ. ಇವೆರಡೂ ಕುಂದಿದಾಗ ಬಚ್ಚಲಲ್ಲಿ ಕಾಲು ಜಾರಿದ್ದೂ ಸೊಂಟದ ಮೂಳೆ ಮುರಿತಕ್ಕೆ ಹೋಗಿ ಮುಟ್ಟುತ್ತದೆ.

ಸೈಕಲ್ಲಿನ ಪಾಲು ಎಷ್ಟು?

ದಮ್ಮಿಗೆ ಸೈಕಲ್ ಉತ್ತಮ ಔಷಧ. ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು ಒಂದೇ ಲಯದಲ್ಲಿ ಬಹಳ ಹೊತ್ತು ದುಡಿಯುತ್ತವೆ, ಹೃದಯಕ್ಕೆ ಅವುಗಳಿಗೆ ರಕ್ತ ಪೂರೈಸುವ ಅಭ್ಯಾಸವಾಗುತ್ತದೆ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುವುದರಿಂದ ಶುಗರ್ ಇರುವವರಿಗೂ ಅನುಕೂಲ.

ಮಂಡಿನೋವಿನವರಿಗೂ ಸೈಕಲ್ ಸಲ್ಲುತ್ತದೆ. ನಡೆಯುವಾಗ ಮಂಡಿಯ ಮೇಲೆ ದೇಹತೂಕದ ಎರಡೂವರೆ ಪಟ್ಟಿನಷ್ಟು ಭಾರ ಬೀಳುತ್ತದೆ. ಹಗುರವಾಗಿ ಪೆಡಲ್ ತುಳಿಯುವಾಗ ಬೀಳುವುದು ಹೆಚ್ಚುಕಡಿಮೆ ದೇಹತೂಕದಷ್ಟೇ. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಸ್ಪಂಜನ್ನು ಹಿಂಡಿ ಬಿಟ್ಟಾಗ ನೀರು ಹೀರಿಕೊಳ್ಳುವಂತೆ, ಕೀಲು ಮಡಚಿ ಬಿಚ್ಚಿದಾಗ ಅದು ಸುತ್ತಲ ದ್ರವದಿಂದ ಪೋಷಣೆ ಪಡೆಯುತ್ತದೆ. ‘ಮಂಡಿ ಸವೆಯುತ್ತೆ’ ಎಂದು ಪೂರಾ ಅಲ್ಲಾಡಿಸದೆ ಇಟ್ಟರೆ ಬಿಗಿತ ಹೆಚ್ಚುತ್ತದೆ.

ಲಂಡನ್ನಿನ ಕಿಂಗ್ಸ್ ಕಾಲೇಜು ಮತ್ತು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 55ರಿಂದ 79 ವಯಸ್ಸಿನ 125 ಹವ್ಯಾಸಿ ಸೈಕಲ್ ಸವಾರರನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಸ್ನಾಯುವಿನ ಗಾತ್ರ, ಬಲ ವಯಸ್ಸಿನೊಂದಿಗೆ ಕುಸಿದಿರಲಿಲ್ಲ. ರೋಗ ತಡೆಯುವ ಟಿ-ಕೋಶಗಳ ಉತ್ಪಾದನೆ ಎಳೆಯರಷ್ಟೇ ಇತ್ತು. ಇವರೆಲ್ಲ ಬಹುಕಾಲದಿಂದ ಸೈಕಲ್ ಬಿಡದವರು ಎಂಬುದನ್ನು ಮರೆಯಬಾರದು. ಹೊಸದಾಗಿ ಶುರುಮಾಡಿದವರಿಗೆ ಆರು ತಿಂಗಳಲ್ಲಿ ಇದೆಲ್ಲ ಬರುತ್ತದೆ ಎಂದು ಅರ್ಥವಲ್ಲ.

ಇನ್ನು ಸೈಕಲ್ಲಿನಿಂದ ಆಗದ ಕೆಲಸ. ತುಳಿಯುವಾಗ ದೇಹದ ಭಾರ ಸೀಟಿನ ಮೇಲಿರುತ್ತದೆ, ಮೂಳೆಗೆ ಬೇಕಾದ ಹೊರೆ ಬೀಳುವುದಿಲ್ಲ. ವರ್ಷಗಟ್ಟಲೆ ಬರೀ ಸೈಕಲ್ ತುಳಿದವರಲ್ಲಿ ಮೂಳೆ ತೆಳುವಾಗಿರುವುದೂ ಉಂಟು. ಎದೆ, ತೋಳು, ಬೆನ್ನಿಗೆ ಸಿಗುವ ವ್ಯಾಯಾಮವೂ ಕಡಿಮೆ. ಆದ್ದರಿಂದ ಎಪ್ಪತ್ತರಲ್ಲಿ ಸೈಕಲ್ ಜೊತೆಗೆ ನೆಲದ ಮೇಲೆ ನಿಂತು ಮಾಡುವ ವ್ಯಾಯಾಮ ಇರಲೇಬೇಕು.

ಹೊರಡುವ ಮುನ್ನ

ಮನೆಯಲ್ಲೇ ಎರಡು ಪರೀಕ್ಷೆ ಮಾಡಿಕೊಳ್ಳಿ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಿ. 70ರಿಂದ 74ರ ವಯಸ್ಸಿನಲ್ಲಿ ಗಂಡಸರು 12ಕ್ಕಿಂತ, ಹೆಂಗಸರು 10ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸರಾಸರಿಗಿಂತ ಕಡಿಮೆ ಎಂದರ್ಥ. ಎರಡನೆಯದು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಒಂದೇ ಕಾಲ ಮೇಲೆ ಹತ್ತು ಸೆಕೆಂಡು ನಿಲ್ಲುವುದು. ಇವೆರಡೂ ಆಗದಿದ್ದರೆ ಸದ್ಯ ರಸ್ತೆ ಬೇಡ. ಮನೆಯೊಳಗಿನ ವ್ಯಾಯಾಮದ ಸೈಕಲ್ಲಿನಿಂದ ಶುರುಮಾಡಿ ಕಾಲಿನ ಬಲ ಬೆಳೆಸಿಕೊಳ್ಳಿ. ದೇಹಕ್ಕೆ ಅದೂ ಪೂರ್ಣ ವ್ಯಾಯಾಮವೇ.

ಎದೆನೋವು, ಏದುಸಿರು, ತಲೆಸುತ್ತು ಬರುತ್ತಿದ್ದರೆ, ಸ್ಟೆಂಟ್ ಹಾಕಿಸಿದ್ದರೆ, ಬಿ.ಪಿ., ಶುಗರ್ ಇದ್ದರೆ ವೈದ್ಯರನ್ನು ಕೇಳಿಯೇ ಹೊರಡಿ. ಕಣ್ಣು ತೋರಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಕಣ್ಣಿಗೆ ಪೊರೆ ಬಂದಿದ್ದರೆ ಮಬ್ಬು ಬೆಳಕಿನಲ್ಲಿ ರಸ್ತೆಯ ಗುಂಡಿ ಕಾಣುವುದಿಲ್ಲ.

ಸೀಟು ತಗ್ಗಿಸುವ ತಪ್ಪು

ವಯಸ್ಸಾದವರು ಸಾಮಾನ್ಯವಾಗಿ ಸೀಟನ್ನು ಪೂರಾ ಕೆಳಗಿಳಿಸಿಬಿಡುತ್ತಾರೆ. ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ತಾಗಿದರೆ ಧೈರ್ಯ, ನಿಜ. ಆದರೆ ಆಗ ಮಂಡಿ ಅತಿಯಾಗಿ ಮಡಚಿ ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ, ಮಂಡಿಯ ಮುಂಭಾಗ ನೋಯಲು ಶುರುವಾಗಬಹುದು. ಸರಿಯಾದ ಎತ್ತರ ಕಂಡುಕೊಳ್ಳುವುದು ಸುಲಭ. ಯಾರಾದರೂ ಸೈಕಲ್ ಹಿಡಿದುಕೊಳ್ಳಲಿ. ನೀವು ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ತೀರ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗವನ್ನು ಪೆಡಲ್ ಮೇಲೆ ಇಡುವುದರಿಂದ ಮಂಡಿ ತಾನಾಗಿ ಅಷ್ಟಿಷ್ಟು ಬಾಗಿರುತ್ತದೆ. ಮಂಡಿಯ ಹಿಂಬದಿ ನೋಯುತ್ತಿದ್ದರೆ ಸೀಟು ಹೆಚ್ಚು ಎತ್ತರವಾಗಿದೆ ಎಂದು ತಿಳಿಯಿರಿ. ಕೂತ ಜಾಗ ಜೋಮು ಹಿಡಿದರೆ ಸೀಟಿನ ಮೂತಿ ಮೇಲೆದ್ದಿದೆಯೇ ನೋಡಿ, ಮಟ್ಟ ಮಾಡಿಸಿ.

ಅಡ್ಡ ಬಾರ್ ಇಲ್ಲದ, ನಾವು ‘ಲೇಡೀಸ್ ಸೈಕಲ್’ ಎಂದು ಕರೆಯುವ ಚೌಕಟ್ಟು ಈ ವಯಸ್ಸಿನಲ್ಲಿ ಗಂಡಸರಿಗೂ ಸೂಕ್ತ. ಕಾಲನ್ನು ಎತ್ತಿ ಹಾಯಿಸಬೇಕಾಗಿಲ್ಲ. ಪಂಚೆ, ಸೀರೆ ಉಡುವವರಿಗೆ ಚೈನ್ ಕವರ್ ಇರಲೇಬೇಕು. ಗೇರ್ ಇದ್ದರೆ ಏರಿನಲ್ಲಿ ಹಗುರದ ಗೇರಿಗೆ ಹಾಕಿ, ನಿಮಿಷಕ್ಕೆ 70ರಿಂದ 80 ಸುತ್ತು ಬರುವಂತೆ ತುಳಿಯಿರಿ. ಭಾರದ ಗೇರಿನಲ್ಲಿ ನಿಧಾನವಾಗಿ ಒತ್ತಿ ತುಳಿದಷ್ಟೂ ಮಂಡಿಗೆ ಕಷ್ಟ. ಗೇರಿಲ್ಲದಿದ್ದರೆ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗಿ. ಮೂಳೆಗೆ ಬೇಕಾದ ನಡಿಗೆಯೂ ಆದಂತಾಯಿತು. ಪೆಡಲ್ ತುಳಿದಾಗ ಮಾತ್ರ ನೆರವಾಗುವ ಎಲೆಕ್ಟ್ರಿಕ್ ಸೈಕಲ್ಲೂ ಒಳ್ಳೆಯದೇ. ಶ್ರಮ ಕಡಿಮೆಯಾದರೂ ಕಾಲು, ಹೃದಯ ಎರಡಕ್ಕೂ ಕೆಲಸವಿರುತ್ತದೆ. ಆದರೆ ಅದರ ತೂಕ ಹೆಚ್ಚು. ಕೊಳ್ಳುವ ಮುನ್ನ ನಿಲ್ಲಿಸಿ, ತಿರುಗಿಸಿ ನೋಡಿ.

ಹತ್ತುವುದು, ಇಳಿಯುವುದು

ಹಿರಿಯರು ಓಡುವ ಸೈಕಲ್ಲಿನಿಂದ ಬೀಳುವುದಕ್ಕಿಂತ ಹತ್ತುವಾಗ, ಇಳಿಯುವಾಗ, ತೀರ ನಿಧಾನವಾದಾಗ ಬೀಳುವ ಭಯವೇ ಹೆಚ್ಚು. ನಾವೆಲ್ಲ ಚಿಕ್ಕಂದಿನಲ್ಲಿ ಕಲಿತದ್ದು ಎಡಗಾಲನ್ನು ಪೆಡಲ್ ಮೇಲಿಟ್ಟು, ಬಲಗಾಲಿನಿಂದ ನೆಲ ತಳ್ಳುತ್ತ ಓಡಿಸಿ, ಕ್ಯಾರಿಯರ್ ಮೇಲಿಂದ ಕಾಲು ಬೀಸಿ ಕೂರುವ ಕ್ರಮ. ಅರ್ಧ ಕ್ಷಣ ಒಂಟಿಗಾಲಿನಲ್ಲಿ, ಚಲಿಸುವ ಸೈಕಲ್ ಮೇಲೆ ನಿಲ್ಲಬೇಕಾದ ಆ ವಿಧಾನವನ್ನು ಈಗ ಬಿಡಬೇಕು.

ಬದಲಿಗೆ ಹೀಗೆ ಮಾಡಿ. ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ನಿಮ್ಮ ಕಡೆಗೆ ಸ್ವಲ್ಪ ವಾಲಿಸಿ. ಕಾಲನ್ನು ಆಚೆ ಇಟ್ಟು, ಎರಡೂ ಪಾದ ನೆಲದ ಮೇಲಿರುವಂತೆ ಸೀಟಿನ ಮುಂದೆ ನಿಲ್ಲಿ. ಬಲ ಪೆಡಲನ್ನು ಪಾದದಿಂದ ಎತ್ತಿ, ಮುಂದಕ್ಕೆ ಮೇಲ್ಮುಖವಾಗಿ ತನ್ನಿ. ಹಿಂದೆ ತಿರುಗಿ ವಾಹನ ನೋಡಿ, ಬ್ರೇಕ್ ಬಿಟ್ಟು, ಆ ಪೆಡಲನ್ನು ಒಮ್ಮೆ ಬಲವಾಗಿ ಒತ್ತಿ. ಸೈಕಲ್ ಮುಂದೆ ಹೋಗುತ್ತಿದ್ದಂತೆ ದೇಹ ಮೇಲೆದ್ದು ಸೀಟಿಗೆ ಬರುತ್ತದೆ. ಇಳಿಯುವಾಗ ಇದೇ ತಿರುಗುಮುರುಗು: ವೇಗ ತಗ್ಗಿಸಿ, ಒಂದು ಪೆಡಲ್ ಕೆಳಗಿರುವಾಗ ಅದರ ಮೇಲೆ ಭಾರ ಹಾಕಿ, ಸೀಟಿನಿಂದ ಮುಂದೆ ಜಾರಿ, ಸೈಕಲ್ ನಿಂತಾಗ ಇನ್ನೊಂದು ಕಾಲನ್ನು ನೆಲಕ್ಕೆ ಕೊಡಿ. ಖಾಲಿ ಮೈದಾನದಲ್ಲಿ ಒಂದು ವಾರ ಇದನ್ನೇ ಅಭ್ಯಾಸ ಮಾಡಿ. ಸೀಟನ್ನು ಸರಿಯಾದ ಎತ್ತರಕ್ಕೆ ಏರಿಸುವ ಧೈರ್ಯವೂ ಆಮೇಲೆ ಬರುತ್ತದೆ.

ಹೆಲ್ಮೆಟ್, ಬೆಲ್ಲು, ಹಿಂದೆ ಕೆಂಪು ದೀಪ, ಹ್ಯಾಂಡಲ್ಲಿಗೆ ಒಂದು ಕನ್ನಡಿ ಇರಲಿ. ಕುತ್ತಿಗೆ ಸಲೀಸಾಗಿ ತಿರುಗದವರಿಗೆ ಕನ್ನಡಿಯಂತೂ ಬೇಕೇ ಬೇಕು. ಪೂರಾ ಬೆಳಕು ಹರಿದ ಮೇಲೆ, ವಾಹನಗಳು ಹೆಚ್ಚುವ ಮೊದಲು ಹೊರಡಿ. ಬಡಾವಣೆಯ ಒಳರಸ್ತೆ, ಮಟ್ಟಸವಾದ ಕೆರೆ ಏರಿ, ಭಾನುವಾರ ವಾಹನ ಸಂಚಾರವಿಲ್ಲದ ಬೆಂಗಳೂರಿನ ಕಬ್ಬನ್ ಪಾರ್ಕಿನಂಥ ಜಾಗ ಒಳ್ಳೆಯದು.

ವಾರದ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ, ಮೂರು ದಿನ ಸಮತೋಲದ ಅಭ್ಯಾಸ ಬೇಕು. ಇದನ್ನು ವಾರಕ್ಕೆ ಹಂಚಿಕೊಳ್ಳುವುದು ಕಷ್ಟವಲ್ಲ.

ನಾಲ್ಕು ದಿನ ಸೈಕಲ್, ದಿನಕ್ಕೆ 40 ನಿಮಿಷ. ಅದರಲ್ಲಿ ಮೂರು ದಿನ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತ ಹೋಗುವಷ್ಟು ಹಗುರ. ಒಂದು ದಿನ ಮಾತ್ರ, ಹತ್ತು ನಿಮಿಷ ಮೈ ಬಿಸಿಯಾದ ಮೇಲೆ, ನಾಲ್ಕೈದು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುವಷ್ಟು ಜೋರಾಗಿ ಎರಡು ನಿಮಿಷ, ಮತ್ತೆ ಮೂರು ನಿಮಿಷ ನಿಧಾನ. ಹೀಗೆ ನಾಲ್ಕು ಸಲ. ಈ ಜೋರಿನ ಪಾಳಿ ಎರಡು ಮೂರು ತಿಂಗಳ ಹಗುರ ಅಭ್ಯಾಸದ ನಂತರ. ಶುರುವಿನಲ್ಲಿ ಹದಿನೈದು ನಿಮಿಷವೂ ಸಾಕು, ವಾರಕ್ಕೆ ಐದೈದು ನಿಮಿಷ ಏರಿಸಿ.

ಉಳಿದ ದಿನಗಳಲ್ಲಿ ಎರಡು ದಿನ ಬಲದ ಕೆಲಸ: ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ, ಮೆಟ್ಟಿಲು ಹತ್ತುವುದು, ನೀರು ತುಂಬಿದ ಬಾಟಲಿ ಎತ್ತುವುದು. ಕೊನೆಯ ಎರಡು ಸಲ ಎತ್ತುವುದು ಕಷ್ಟವೆನಿಸಬೇಕು, ಇಲ್ಲದಿದ್ದರೆ ಸ್ನಾಯು ಬೆಳೆಯುವುದಿಲ್ಲ. ಹಲ್ಲುಜ್ಜುವಾಗ ಸಿಂಕ್ ಹಿಡಿದು ಒಂಟಿಗಾಲಿನಲ್ಲಿ ನಿಂತರೆ ಸಮತೋಲದ ಅಭ್ಯಾಸ ದಿನವೂ ಆಗುತ್ತದೆ.

ಮಾತ್ರೆ ಮತ್ತು ಊಟ

ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರ ನಾಡಿ ಎಷ್ಟೇ ಶ್ರಮಪಟ್ಟರೂ ಹೆಚ್ಚು ಏರುವುದಿಲ್ಲ. ಅವರು ಕೈಗಡಿಯಾರದ ಅಂಕಿ ನಂಬದೆ ಮೇಲೆ ಹೇಳಿದ ಮಾತಿನ ಅಳತೆಯನ್ನೇ ಇಟ್ಟುಕೊಳ್ಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ತೀರ ಇಳಿಸಬಲ್ಲ ಮಾತ್ರೆ ಇದ್ದವರ ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಪೊಟ್ಟಣ ಇರಲಿ. ರಕ್ತ ತೆಳುವಾಗಿಸುವ ಮಾತ್ರೆಯವರು ತಲೆಗೆ ಸಣ್ಣ ಪೆಟ್ಟಾದರೂ ಆಸ್ಪತ್ರೆಗೆ ಹೋಗಬೇಕು. ಪ್ರಾಸ್ಟೇಟಿನ ಪಿ.ಎಸ್.ಎ. ರಕ್ತಪರೀಕ್ಷೆಗೆ ಹಿಂದಿನ ಎರಡು ದಿನ ಸೈಕಲ್ ಬೇಡ, ಅಂಕಿ ಸುಮ್ಮನೆ ಏರಿ ಗಾಬರಿ ಹುಟ್ಟಿಸಬಹುದು.

ವಯಸ್ಸಾದ ಸ್ನಾಯುವಿಗೆ ಪ್ರೋಟೀನ್ ಹೆಚ್ಚು ಬೇಕು: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ. ಅರವತ್ತು ಕಿಲೋದವರಿಗೆ 60ರಿಂದ 72 ಗ್ರಾಂ. ಬರೀ ಅನ್ನ, ತಿಳಿಸಾರಿನಿಂದ ಇದು ಬರುವುದಿಲ್ಲ. ಹುರುಳಿ, ಅವರೆ, ಕಡಲೆಕಾಳಿನ ಗಟ್ಟಿ ಸಾರು, ಮೊಸರು, ಮೊಟ್ಟೆ, ಮೀನು ಮೂರೂ ಹೊತ್ತಿಗೆ ಹಂಚಿ ಬರಲಿ. ಮೂತ್ರಪಿಂಡದ ತೊಂದರೆಯವರು ವೈದ್ಯರು ಹೇಳಿದಷ್ಟೇ ತಿನ್ನಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮುದ್ದೆ ಬಿಡಬೇಡಿ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಂದುವುದರಿಂದ ದಾಹವಾಗಲೆಂದು ಕಾಯದೆ ನೀರು ಕುಡಿಯಿರಿ.

ನಡುವೆ ಬಿಟ್ಟುಹೋದರೆ

ಮಳೆಗಾಲ, ಜ್ವರ, ಮಗಳ ಮನೆಗೆ ಹೋಗಿದ್ದು, ಹೀಗೆ ಅಭ್ಯಾಸ ತಪ್ಪುವುದು ಸಹಜ. ಎರಡು ಮೂರು ವಾರ ಬಿಟ್ಟಿದ್ದರೆ ಮೊದಲಿನ ಅರ್ಧ ಹೊತ್ತಿನಿಂದ ಮತ್ತೆ ಶುರುಮಾಡಿ. ತುಳಿಯುವಾಗ ಎದೆ ಬಿಗಿದರೆ, ತೋಳಿಗೆ ಅಥವಾ ದವಡೆಗೆ ನೋವು ಹರಿದರೆ, ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಲ್ಲಿಸಿ ಸಹಾಯಕ್ಕೆ ಕರೆಯಿರಿ. ‘ಗ್ಯಾಸು’ ಎಂದುಕೊಂಡು ಮನೆಯವರೆಗೆ ತುಳಿಯಬೇಡಿ.

ಮನೆಯವರಿಗೂ ಒಂದು ಮಾತು. ‘ಈ ವಯಸ್ಸಲ್ಲಿ ನಿಮಗ್ಯಾಕೆ’ ಎಂದು ಸೈಕಲ್ ಕಿತ್ತಿಡುವ ಬದಲು ಟೈರಿಗೆ ಗಾಳಿ ಹಾಕಿಕೊಡಿ, ಬ್ರೇಕ್ ಬಿಗಿ ಮಾಡಿಸಿಕೊಡಿ, ಮೊದಲ ವಾರ ಜೊತೆಗೆ ನಡೆಯಿರಿ. ಎಷ್ಟು ದೂರ ಹೋದರು ಎಂಬುದು ದೊಡ್ಡದಲ್ಲ. ಎಂಬತ್ತಾದಾಗ ಯಾರ ಕೈಯನ್ನೂ ಹಿಡಿಯದೆ ಬಸ್ಸಿನ ಮೆಟ್ಟಿಲು ಹತ್ತಬೇಕು, ನೆಲದ ಮೇಲೆ ಕೂತು ತಾವೇ ಎದ್ದೇಳಬೇಕು, ತರಕಾರಿ ಚೀಲ ತಾವೇ ಹೊತ್ತು ತರಬೇಕು. ಆ ಬಲವನ್ನು ಉಳಿಸಿಕೊಳ್ಳುವ ಕೆಲಸ ಎಪ್ಪತ್ತರಲ್ಲೇ ಆಗಬೇಕು, ಬಿಡದೆ ಆಗಬೇಕು.