ಕರಟದ ರಾಶಿಯೂ ಚರಂಡಿಯ ನೀರೂ

ಅರಸೀಕೆರೆಯಿಂದ ಮಾದಿಹಳ್ಳಿಯವರೆಗಿನ ತೆಂಗಿನ ಸೀಮೆಯಲ್ಲಿ ಕರಟ, ನಾರುಗಳ ರಾಶಿ ಹೊಸತಲ್ಲ. ಅದು ಒಲೆಗೆ ಹೋಗುತ್ತದೆ, ಇಲ್ಲವೇ ಇದ್ದಿಲಿನವರ ಲಾರಿಯೇರುತ್ತದೆ. ಊರ ಬಚ್ಚಲು ನೀರಾದರೋ ಇಳಿಜಾರು ಹಿಡಿದು ಕೆರೆ ಸೇರುತ್ತದೆ. ಈ ಎರಡನ್ನೂ ಒಂದೆಡೆ ಕೂಡಿಸಬಹುದೆಂಬ ವಿಚಾರವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಕೊಳಚೆ ನೀರಿನ ಶೋಧಕವೆಂದರೆ ಜರಡಿಯೆಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಜಲ್ಲಿಕಲ್ಲಿನ ಹಾಸಿನ ಮೇಲೆ ಕೊಳಚೆಯನ್ನು ಚಿಮುಕಿಸುವ ಪದ್ಧತಿ ರೂಢಿಗೆ ಬಂದಿತು. ಅಲ್ಲಿ ಕೆಲಸ ಮಾಡುವುದು ಕಲ್ಲಲ್ಲ. ಕಲ್ಲಿಗೆ ಅಂಟಿದ ಲೋಳೆಯಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು. ನೀರಿನ ಕಲ್ಮಷವೇ ಅವುಗಳ ಆಹಾರ. ಆದುದರಿಂದ ಒರಟು ಮೈ, ಗಾಳಿಯಾಡುವ ಸಂದು, ಬೇಗ ಕೊಳೆಯದ ಗುಣ ಇದ್ದರೆ ಇಟ್ಟಿಗೆ ಚೂರಾಗಲಿ, ಕರಟವಾಗಲಿ ಆದೀತು. ನಾರಿನಲ್ಲಿ ಲಿಗ್ನಿನ್ ಅಂಶ ಹೆಚ್ಚಿರುವುದರಿಂದ ಅದೂ ನಿಧಾನವಾಗಿ ಕೊಳೆಯುತ್ತದೆ. ಆದರೆ ಮೊದಮೊದಲು ನೀರಿಗೆ ಕಂದು ಬಣ್ಣ ಬಿಡುತ್ತದೆ. ಕಲ್ಲಿನಷ್ಟು ಬಾಳಿಕೆ ಇವಕ್ಕಿಲ್ಲ. ಪಟ್ಟಣದ ದೊಡ್ಡ ಘಟಕಕ್ಕಿಂತ ಹಳ್ಳಿ, ವಿದ್ಯಾರ್ಥಿನಿಲಯ, ಮಠದ ದಾಸೋಹಗಳಿಗೇ ಕರಟ ಒಪ್ಪುತ್ತದೆಂಬುದು ನಮ್ಮ ಅಭಿಪ್ರಾಯ.

ನಮ್ಮ ನಾಡಿನಲ್ಲಿ ಇಂತಹ ಸರಳ ಪದ್ಧತಿಗೆ ನಿದರ್ಶನವಿಲ್ಲದಿಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲತ್ಯಾಜ್ಯ ಘಟಕದಲ್ಲಿ ಶೌಚಗುಂಡಿಗಳಿಂದ ತಂದ ತ್ಯಾಜ್ಯದ ನೀರು ಗಿಡ ನೆಟ್ಟ ಜಲ್ಲಿ ಹಾಸಿನ ಮೂಲಕ ಹಾಯುತ್ತದೆ.

ಲಾಭದ ಲೆಕ್ಕವನ್ನೂ ನೋಡೋಣ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯಂತೆ ಗ್ರಾಮೀಣರಿಗೆ ತಲೆಗೆ ದಿನಕ್ಕೆ 55 ಲೀಟರ್ ನೀರು. ಅದರಲ್ಲಿ ಶೇ. 80ರಷ್ಟು ಚರಂಡಿಗೆ ಹೋಗುವುದೆಂಬುದು ಎಂಜಿನಿಯರರ ರೂಢಿಯ ಎಣಿಕೆ. ಅಂದರೆ 44 ಲೀಟರ್. ಬೇಸಗೆಯಲ್ಲಿ ಹನಿ ನೀರಾವರಿಯ ಒಂದು ತೆಂಗಿನ ಮರಕ್ಕೆ ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ. ಬರದ ಬೇಗೆಯಲ್ಲಿ ಸುಳಿ ಒಣಗಿದ ತೋಟಗಳನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ಆದರೆ ಈ ನೀರು ಕುಡಿಯಲು ಸಲ್ಲದು. ಹಸಿಯಾಗಿ ತಿನ್ನುವ ಸೊಪ್ಪಿಗೂ ಸಲ್ಲದು. ಕರಟದಿಂದ ತಯಾರಾದ ಕ್ರಿಯಾಶೀಲ ಇದ್ದಿಲು ಬಣ್ಣ, ವಾಸನೆಗಳನ್ನು ಹೀರುತ್ತದೆಯೇ ಹೊರತು ರೋಗಾಣುಗಳನ್ನೆಲ್ಲ ಕೊಲ್ಲದು. ಅಡುಗೆಮನೆಯ ನೀರಿನ ಜಿಡ್ಡು, ಅನ್ನದ ಅಗುಳುಗಳನ್ನು ಮೊದಲೇ ತಿಳಿಗೊಳಿಸುವ ತೊಟ್ಟಿಯಲ್ಲಿ ತಡೆಯದಿದ್ದರೆ ಹಾಸು ಕಟ್ಟಿಕೊಂಡು ದುರ್ನಾತ ಹೊಡೆಯುವುದು.

ಆ ತೊಟ್ಟಿಯನ್ನು ಬಳಿಯುವವರು ಯಾರು? ಕಾಯಕದ ಮಾತನಾಡುವ ನಮ್ಮ ಮನೆಗಳಲ್ಲಿಯೂ ಈ ಪ್ರಶ್ನೆಗೆ ಮೌನವೇ ಉತ್ತರ. ರಕ್ಷಣೆಯಿಲ್ಲದೆ ಮನುಷ್ಯರನ್ನು ಮಲಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದುದರಿಂದ ಯಾರೂ ಒಳಗಿಳಿಯದೆ, ಮೇಲಿನಿಂದಲೇ ಯಂತ್ರದಿಂದ ಹೂಳೆತ್ತುವಂತೆ ತೊಟ್ಟಿಯನ್ನು ಕಟ್ಟಿಸತಕ್ಕದ್ದು; ಬಾಯಿ ಅಗಲವಾಗಿರಲಿ, ವಾಹನ ಬರುವ ದಾರಿಯೂ ಇರಲಿ.