ಎಷ್ಟು ದೂರದಿಂದ ಎಸೆಯುತ್ತೀರಿ?

ನೆಲದ ಮೇಲೊಂದು ಗೂಟ. ಅಲ್ಲಿಂದ ಅಡಿಗೊಂದರಂತೆ ಎಳೆದ ಗೆರೆಗಳು. ಕೈಯಲ್ಲಿ ನಾಲ್ಕಾರು ರಿಂಗು. ಗೂಟಕ್ಕೆ ರಿಂಗು ಬಿದ್ದರೆ ಅಂಕ; ಹತ್ತಿರ ನಿಂತು ಹಾಕಿದರೆ ಕಡಿಮೆ, ದೂರ ಸರಿದಷ್ಟೂ ಹೆಚ್ಚು. ಜಾತ್ರೆಯಲ್ಲಿ ಸೋಪಿಗೂ ಬಾಚಣಿಗೆಗೂ ರಿಂಗು ಎಸೆದವರಿಗೆ ಇದರಲ್ಲಿ ಹೊಸತೇನೂ ಕಾಣದು. ಆದರೆ ಜಾತ್ರೆಯಲ್ಲಿ ಎಲ್ಲಿ ನಿಲ್ಲಬೇಕೆಂದು ಹೇಳುವವನು ಅಂಗಡಿಯವನು. ಇಲ್ಲಿ ಅದನ್ನು ಎಸೆಯುವವರೇ ಗೊತ್ತುಮಾಡಿಕೊಳ್ಳಬೇಕು.

ಆಟದ ಜೀವ ಇರುವುದೂ ಅಲ್ಲೇ. ಒಬ್ಬ ಹುಡುಗ ಗೂಟದ ಬುಡದಲ್ಲೇ ನಿಂತು ಎಲ್ಲ ರಿಂಗುಗಳನ್ನೂ ಹಾಕುತ್ತಾನೆ, ಅಂಕ ಮಾತ್ರ ಬೆರಳೆಣಿಕೆ. ಇನ್ನೊಬ್ಬ ಕೊನೆಯ ಗೆರೆಗೇ ಹೋಗಿ ನಿಲ್ಲುತ್ತಾನೆ. ಒಂದೂ ಬೀಳುವುದಿಲ್ಲ, ಅದೃಷ್ಟ ಸರಿಯಿಲ್ಲ ಎನ್ನುತ್ತಾನೆ. ಮತ್ತೊಬ್ಬಳು ಮೂರನೆಯ ಗೆರೆಯಿಂದ ಶುರುಮಾಡಿ, ಎರಡು ಬಿದ್ದ ಮೇಲೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. ತರಬೇತುದಾರರು ಯಾರನ್ನೂ ತಿದ್ದುವುದಿಲ್ಲ. ಎಲ್ಲರ ಸರದಿ ಮುಗಿದ ಮೇಲೆ ಕೇಳುತ್ತಾರೆ: ಅಲ್ಲೇ ಯಾಕೆ ನಿಂತೆ? ಇನ್ನೊಮ್ಮೆ ಅವಕಾಶ ಕೊಟ್ಟರೆ ಎಲ್ಲಿ ನಿಲ್ಲುತ್ತೀ?

ಬಿ.ಎ. ಮುಗಿಸಿದವನಿಗೂ ಎಸ್ಸೆಸ್ಸೆಲ್ಸಿಗೆ ಶಾಲೆ ಬಿಟ್ಟವಳಿಗೂ ನಮ್ಮ ಊರುಗಳಲ್ಲಿ ಸಲಹೆಗೆ ಬರವಿಲ್ಲ. ಮಾವ, ಮೇಷ್ಟ್ರು, ಮದುವೆಮನೆಯಲ್ಲಿ ಪಕ್ಕದೆಲೆಗೆ ಕುಳಿತವರು, ಎಲ್ಲರ ಬಳಿಯೂ ಒಂದು ದಾರಿ ಸಿದ್ಧವಿರುತ್ತದೆ. ಗೌರ್ಮೆಂಟ್ ಕೆಲಸಕ್ಕೆ ಅರ್ಜಿ ಹಾಕು, ಬೆಂಗಳೂರಿಗೆ ಹೋಗು, ದುಬೈಗೆ ಹೋಗು. ಆದರೆ ‘ನೀನು ಎಲ್ಲಿ ನಿಲ್ಲುತ್ತೀ, ಯಾಕೆ?’ ಎಂದು ಕೇಳುವವರು ಎಷ್ಟು ಜನ? ಆ ಪ್ರಶ್ನೆಯನ್ನು ಇಟ್ಟುಕೊಂಡೇ ಕಟ್ಟಿದ ತರಬೇತಿಯೊಂದು ಉಜಿರೆಯಲ್ಲಿ ಬೇರುಬಿಟ್ಟು, ಇಂದು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ನಡೆಯುತ್ತಿದೆ. ರುಡ್‌ಸೆಟ್ ಎಂದು ನಮ್ಮ ಜನ ಕರೆಯುವ ಆ ಸಂಸ್ಥೆಗೆ ಈ ಆಟ ತಲುಪಿದ ದಾರಿ ಮಾತ್ರ ಬಹಳ ಸುತ್ತಿನದು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಮೆಕ್ಲೆಲೆಂಡ್ ಎಂಬ ಮನಃಶಾಸ್ತ್ರಜ್ಞರಿದ್ದರು. ಕೆಲವರಿಗೆ ಕೆಲಸವನ್ನು ಚೆನ್ನಾಗಿ ಮಾಡಿ ಮುಗಿಸುವ ತುಡಿತ ಯಾಕೆ ಹೆಚ್ಚು, ಅದನ್ನು ಅಳೆಯಲು ಬರುತ್ತದೆಯೇ ಎಂಬುದು ಅವರ ಜೀವಮಾನದ ಹುಡುಕಾಟ. ಅಂಥ ತುಡಿತ ಇರುವವರು ರಿಂಗ್ ಎಸೆಯುವಾಗ ತೀರ ಹತ್ತಿರವೂ ಅಲ್ಲದೆ ತೀರ ದೂರವೂ ಅಲ್ಲದೆ ನಡುವೆ ನಿಲ್ಲುತ್ತಾರೆಂದು ಪ್ರಯೋಗಗಳಲ್ಲಿ ಕಂಡುಬಂತು. ಬುಡದಲ್ಲಿ ನಿಂತರೆ ಗೆದ್ದರೂ ಖುಷಿಯಿಲ್ಲ. ತುದಿಯಲ್ಲಿ ನಿಂತರೆ ಗೆಲುವು ತನ್ನದಲ್ಲ, ಅದೃಷ್ಟದ್ದು. ತನ್ನ ಪ್ರಯತ್ನಕ್ಕೆ ಬೆಲೆ ಬರುವುದು ನಡುವಿನ ಜಾಗದಲ್ಲಿ. 1961ರಲ್ಲಿ ಬಂದ ಅವರ ‘ದಿ ಅಚೀವಿಂಗ್ ಸೊಸೈಟಿ’ ಈ ವಿಚಾರವನ್ನು ಜಗತ್ತಿನ ಮುಂದಿಟ್ಟಿತು.

ಅದೇ ಕಾಲದ ಇನ್ನೊಂದು ಪ್ರಯೋಗ ನನ್ನ ಮಟ್ಟಿಗೆ ಇದಕ್ಕಿಂತಲೂ ದೊಡ್ಡದು. 1959ರಲ್ಲಿ ಬರ್ನಾರ್ಡ್ ರೋಸೆನ್ ಮತ್ತು ರಾಯ್ ಡಿಆಂಡ್ರಾಡೆ ಎಂಬ ಸಂಶೋಧಕರು ಅದನ್ನು ಪ್ರಕಟಿಸಿದರು. ಒಂಬತ್ತರಿಂದ ಹನ್ನೊಂದು ವಯಸ್ಸಿನ ಹುಡುಗರ ಕಣ್ಣಿಗೆ ಪಟ್ಟಿ ಕಟ್ಟಿ, ಅಂಕುಡೊಂಕಾದ ಮರದ ತುಂಡುಗಳನ್ನು ಒಂದೇ ಕೈಯಲ್ಲಿ ಒಂದರ ಮೇಲೊಂದು ಪೇರಿಸಲು ಹೇಳಿದರು. ಅಪ್ಪ ಅಮ್ಮ ಪಕ್ಕದಲ್ಲೇ ಇರುತ್ತಾರೆ. ಮಾತಾಡಬಹುದು, ತುಂಡುಗಳನ್ನು ಮುಟ್ಟುವಂತಿಲ್ಲ. ಮಗ ಎಷ್ಟು ಎತ್ತರ ಕಟ್ಟುತ್ತಾನೆಂದು ಅವರು ಅಂದಾಜು ಹೇಳಬೇಕು.

ಸಂಶೋಧಕರು ಬರೆದುಕೊಂಡದ್ದು ಅಪ್ಪ ಅಮ್ಮಂದಿರ ಮಾತನ್ನು. ಸಾಧಿಸುವ ತುಡಿತ ಹೆಚ್ಚಿದ್ದ ಹುಡುಗರ ಮನೆಯಲ್ಲಿ ನಿರೀಕ್ಷೆ ಎತ್ತರದ್ದಾಗಿತ್ತು, ಜೊತೆಗೆ ಅಕ್ಕರೆಯೂ ಧಾರಾಳವಾಗಿತ್ತು. ತುಂಡನ್ನು ಎಲ್ಲಿಡಬೇಕೆಂಬ ತೀರ್ಮಾನವನ್ನು ಅಪ್ಪ ಮಗನಿಗೇ ಬಿಟ್ಟಿದ್ದ. ತುಡಿತ ಕಡಿಮೆಯಿದ್ದವರ ಅಪ್ಪಂದಿರು ಹೆಜ್ಜೆಹೆಜ್ಜೆಗೂ ಅಪ್ಪಣೆ ಕೊಡುತ್ತಿದ್ದರು: ಎಡಕ್ಕೆ, ಅಲ್ಲಲ್ಲ ಬಲಕ್ಕೆ, ಹಾಗಲ್ಲ ಹೀಗೆ. ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ, ಅಮೆರಿಕದ ಕೆಲವೇ ಮನೆಗಳ ಪ್ರಯೋಗ ಎಂಬುದು ನಿಜ. ಆದರೂ ಪಿಯುಸಿ ಫಲಿತಾಂಶದ ವಾರ ನಮ್ಮ ಮನೆಗಳಲ್ಲಿ ನಡೆಯುವುದನ್ನು ಕಂಡವರಿಗೆ ಆ ಕೋಣೆ ಪರಕೀಯ ಅನ್ನಿಸುವುದಿಲ್ಲ.

ಈ ವಿಚಾರ ಭಾರತಕ್ಕೆ ಬಂದದ್ದು ಆಂಧ್ರದ ಕರಾವಳಿಗೆ. 1964ರಲ್ಲಿ ಮೆಕ್ಲೆಲೆಂಡ್ ಮತ್ತು ಸಂಗಡಿಗರು ಹೈದರಾಬಾದಿನ ಸಣ್ಣ ಕೈಗಾರಿಕಾ ವಿಸ್ತರಣಾ ತರಬೇತಿ ಸಂಸ್ಥೆಯ ಜೊತೆ ಸೇರಿ ಕಾಕಿನಾಡದ ವ್ಯಾಪಾರಸ್ಥರಿಗೆ ತರಬೇತಿ ಕೊಟ್ಟರು. ಸಾಧಿಸುವ ತುಡಿತ ಬಾಲ್ಯದಲ್ಲೇ ಗಟ್ಟಿಯಾಗಿಬಿಡುತ್ತದೆಯೇ, ದೊಡ್ಡವರಲ್ಲೂ ಕೆಲವೇ ದಿನಗಳಲ್ಲಿ ಅದನ್ನು ಎಬ್ಬಿಸಬಹುದೇ ಎಂಬುದು ಪ್ರಶ್ನೆ. ತರಬೇತಿ ಪಡೆದವರು ಮುಂದಿನ ಎರಡು ವರ್ಷಗಳಲ್ಲಿ ಪಡೆಯದವರಿಗಿಂತ ಹೆಚ್ಚು ಹೊಸ ಉದ್ಯಮಗಳಿಗೆ ಕೈಹಾಕಿದರು, ಹೆಚ್ಚು ಹೊತ್ತು ದುಡಿದರು. ಈ ಕಥೆಯನ್ನು ಮೆಕ್ಲೆಲೆಂಡ್ ಮತ್ತು ಡೇವಿಡ್ ವಿಂಟರ್ 1969ರಲ್ಲಿ ಪುಸ್ತಕವಾಗಿ ಬರೆದರು.

ಆದರೆ ಕಾಕಿನಾಡದವರು ಆಗಲೇ ಅಂಗಡಿ, ಗಿರಣಿ ಇದ್ದವರು. ಏನೂ ಇಲ್ಲದವರನ್ನು ಉದ್ಯಮಕ್ಕೆ ತರಬಹುದೇ? ಅದಕ್ಕೆ ಕೈಹಾಕಿದ್ದು ಗುಜರಾತ್. 1970ರ ಸುಮಾರಿಗೆ ಅಲ್ಲಿನ ಕೈಗಾರಿಕಾ ನಿಗಮಗಳು ಹೊಸಬರನ್ನು ಆರಿಸಿ ತರಬೇತಿ ಕೊಡತೊಡಗಿದವು. ಆ ಕೆಲಸದ ಮುಂದಾಳು ವಿ.ಜಿ. ಪಟೇಲ್. ಅದರ ಫಲವಾಗಿ 1983ರಲ್ಲಿ ಅಹಮದಾಬಾದಿನಲ್ಲಿ ಉದ್ಯಮಶೀಲತಾ ಅಭಿವೃದ್ಧಿಗೆಂದೇ ರಾಷ್ಟ್ರಮಟ್ಟದ ಸಂಸ್ಥೆ ಹುಟ್ಟಿತು. ರಿಂಗು ಮತ್ತು ಮರದ ತುಂಡು ಎರಡೂ ಪ್ರಯೋಗಾಲಯದಿಂದ ತರಗತಿಗೆ ಇಳಿದು ಆಟಗಳಾದವು.

ಮೆಕ್ಲೆಲೆಂಡ್ ವಾದಕ್ಕೆ ಟೀಕೆ ಬಾರದೆ ಇರಲಿಲ್ಲ. ಬಡವ ಬಡವನಾಗಿರುವುದು ಅವನ ಮನಸ್ಸಿನ ಕೊರತೆಯಿಂದ ಎಂದಂತಾಗಲಿಲ್ಲವೇ? ಬಂಡವಾಳ ಯಾರ ಕೈಯಲ್ಲಿದೆ, ಸಾಲ ಯಾರಿಗೆ ಸಿಗುತ್ತದೆ, ಯಾವ ಜಾತಿಯವನ ಅಂಗಡಿಗೆ ಗಿರಾಕಿ ಬರುತ್ತಾರೆ ಎಂಬುದೆಲ್ಲ ಎಲ್ಲಿ ಹೋಯಿತು? ಈ ಪ್ರಶ್ನೆ ನ್ಯಾಯವಾದದ್ದು. ಹುಮ್ಮಸ್ಸು ತುಂಬಿ, ಕೈಯಲ್ಲಿ ಕಾಸಿಲ್ಲದೆ ಮನೆಗೆ ಕಳಿಸುವುದು ಅನ್ಯಾಯ. ಉಜಿರೆಯ ಪ್ರಯೋಗಕ್ಕೆ ನಾನು ಇಷ್ಟು ಬೆಲೆ ಕೊಡುವುದು ಇದೇ ಕಾರಣಕ್ಕೆ. ಅಲ್ಲಿ ಆಟವಾಡಿಸುವ ಕೋಣೆಯೊಳಗೆ ಬ್ಯಾಂಕು ಮೊದಲೇ ಬಂದು ಕೂತಿತ್ತು.

ಉಜಿರೆ ಇರುವುದು ಚಾರ್ಮಾಡಿ ಘಾಟಿಯ ತಪ್ಪಲಿನಲ್ಲಿ, ಬೆಳ್ತಂಗಡಿ ತಾಲ್ಲೂಕಿನಲ್ಲಿ, ಧರ್ಮಸ್ಥಳಕ್ಕೆ ಹೋಗುವ ದಾರಿಯಲ್ಲಿ. 1966ರಿಂದಲೇ ಅಲ್ಲಿ ಕಾಲೇಜಿದೆ. ಓದಿದ ಮಕ್ಕಳು ಪ್ರತಿವರ್ಷ ಹೊರಬರುತ್ತಿದ್ದರು, ಊರಿನಲ್ಲಿ ಅಡಿಕೆ ತೋಟ ಬಿಟ್ಟರೆ ಕೆಲಸವಿರಲಿಲ್ಲ. ಮುಂಬೈ ಹೋಟೆಲು, ಬ್ಯಾಂಕಿನ ಪರೀಕ್ಷೆ, ಇಲ್ಲವೇ ಶಿಫಾರಸು. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಬಳಿಗೂ ಕೆಲಸ ಕೊಡಿಸಿ ಎಂದು ಯುವಕರು ಬರುತ್ತಿದ್ದರು. ಬಂದವರಿಗೆಲ್ಲ ಕೊಡುವಷ್ಟು ಕೆಲಸ ಯಾರ ಬಳಿಯೂ ಇಲ್ಲ. ತಾವೇ ಕೆಲಸ ಹುಟ್ಟಿಸಿಕೊಳ್ಳುವಂತೆ ಮಾಡಬೇಕು ಎಂಬ ಯೋಚನೆಯಿಂದ 1982ರಲ್ಲಿ ಅವರ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಸೇರಿ ಗ್ರಾಮೀಣಾಭಿವೃದ್ಧಿ ಮತ್ತು ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಆರಂಭಿಸಿದವು.

ಎರಡೂ ಬ್ಯಾಂಕುಗಳು ಈ ಕರಾವಳಿಯ ಮಣ್ಣಿನಲ್ಲೇ ಹುಟ್ಟಿದವು: ಕೆನರಾ 1906ರಲ್ಲಿ ಮಂಗಳೂರಿನಲ್ಲಿ, ಸಿಂಡಿಕೇಟ್ 1925ರಲ್ಲಿ ಉಡುಪಿಯಲ್ಲಿ. ಸಿಂಡಿಕೇಟ್ 1928ರಲ್ಲೇ ಪಿಗ್ಮಿ ಠೇವಣಿ ಶುರುಮಾಡಿ ಬೀಡಿ ಕಟ್ಟುವವರ, ಮೀನು ಮಾರುವವರ ಬಾಗಿಲಿಗೆ ದಿನವೂ ಏಜೆಂಟರನ್ನು ಕಳಿಸಿದ ಬ್ಯಾಂಕು. ಗಿರಾಕಿಯ ಮನೆ ಬಾಗಿಲಿಗೆ ತಾನೇ ಹೋಗುವ ಈ ಹಳೆಯ ಅಭ್ಯಾಸ ಹೊಸ ಸಂಸ್ಥೆಗೂ ಬಂತು ಎಂದೇ ನನಗನ್ನಿಸುತ್ತದೆ.

ಅದೇ ಹೊತ್ತಿಗೆ ಸರ್ಕಾರದ ತರಬೇತಿಯೂ ಇತ್ತು. ಟ್ರೈಸೆಮ್ ಎಂಬ ಯೋಜನೆ 1979ರ ಆಗಸ್ಟ್ 15ರಂದು ಶುರುವಾಗಿತ್ತು. ಅದರಲ್ಲಿ ಭತ್ಯೆಗಾಗಿ ಸೇರಿದವರೇ ಬಹಳ, ಕಲಿತ ಕೆಲಸ ಮುಂದುವರಿಸಿದವರು ಕಡಿಮೆ ಎಂಬ ದೂರು ಕೊನೆಯವರೆಗೂ ಬಿಡಲಿಲ್ಲ. ಉಜಿರೆ ಬೇರೆ ದಾರಿ ಹಿಡಿಯಿತು. ಊಟ, ವಸತಿ, ಕಲಿಕೆ ಎಲ್ಲವೂ ಉಚಿತ, ಆದರೆ ಅಲ್ಲೇ ಉಳಿಯಬೇಕು. ಅವಧಿ ಚಿಕ್ಕದು: ಹೈನುಗಾರಿಕೆಗೆ ಹತ್ತು ದಿನ, ಮೋಟಾರು ರಿವೈಂಡಿಂಗಿಗೋ ಹೊಲಿಗೆಗೋ ಒಂದು ತಿಂಗಳು. ತಂಡದಲ್ಲಿ ಮೂವತ್ತು ಮಂದಿಯ ಆಸುಪಾಸು. ಬೆಳಿಗ್ಗೆ ತರಗತಿ ‘ಮಿಲ್ಲಿ’ ಎಂಬುದರಿಂದ ತೊಡಗುತ್ತದೆ. ನಿನ್ನೆ ಕಲಿತದ್ದರಲ್ಲಿ ತನಗೆ ಮುಖ್ಯವೆನಿಸಿದ್ದು ಯಾವುದೆಂದು ಎದ್ದು ನಿಂತು ಹೇಳಬೇಕು. ನಾಲ್ಕು ಜನರ ಮುಂದೆ ಬಾಯಿ ತೆರೆಯದ ಹುಡುಗಿಗೆ ಅದೊಂದೇ ಅಭ್ಯಾಸ ಸಾಕು, ಮುಂದೆ ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತು ತನಗೆ ಬೇಕಾದ ಸಾಲದ ಮೊತ್ತ ಹೇಳಲು.

ಕೈಕೆಲಸದ ಜೊತೆಗೇ ರಿಂಗ್ ಆಟ, ಗೋಪುರ ಕಟ್ಟುವ ಆಟ. ಗೋಪುರದಾಟದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರ ಅಕ್ಕಪಕ್ಕ ಇಬ್ಬರು ಸಹಾಯಕರು ನಿಲ್ಲುತ್ತಾರೆ. ಎಷ್ಟು ತುಂಡು ಪೇರಿಸುತ್ತೀ ಎಂದು ಮೊದಲೇ ಕೇಳಿ ಬರೆದಿಡುತ್ತಾರೆ. ಇಬ್ಬರೂ ಒಟ್ಟಿಗೆ ಕೂಗಿ ಸೂಚನೆ ಕೊಟ್ಟರೆ ಗೋಪುರ ಬೀಳುತ್ತದೆ. ಒಬ್ಬರು ಸುಮ್ಮನೆ ‘ಸರಿಯಿದೆ, ಇಡು’ ಎಂದರೆ ಕೈ ನಡುಗುವುದು ನಿಲ್ಲುತ್ತದೆ. ಯಾರ ಮಾತು ಕೆಲಸಕ್ಕೆ ಬಂತು, ಯಾರದ್ದು ಕೆಡಿಸಿತು ಎಂಬ ಚರ್ಚೆ ಆಮೇಲೆ. ಜೀವನದಲ್ಲಿ ಯಾರ ಸಲಹೆ ಕೇಳಬೇಕೆಂಬುದನ್ನು ಇಪ್ಪತ್ತು ವರ್ಷದವರಿಗೆ ಇಷ್ಟು ನೇರವಾಗಿ ಕಾಣಿಸುವ ಪಾಠ ನನಗೆ ಬೇರೆ ತಿಳಿದಿಲ್ಲ.

ಆಮೇಲೆ ಮಾರುಕಟ್ಟೆ ಸಮೀಕ್ಷೆ. ನಿನ್ನ ಊರಿನಲ್ಲಿ ಎಷ್ಟು ಪಂಪ್‌ಸೆಟ್ ಇದೆ? ಸುಟ್ಟ ಮೋಟಾರನ್ನು ಈಗ ಎಲ್ಲಿಗೆ ಒಯ್ಯುತ್ತಾರೆ? ಒಂದಕ್ಕೆ ಎಷ್ಟು ಕೊಡುತ್ತಾರೆ? ಈ ಲೆಕ್ಕವೇ ಸಾಲದ ಅರ್ಜಿಗೆ ಆಧಾರ. ಅರ್ಜಿ ನೋಡುವುದು ಹೇಗೆಂದು ಸಂಸ್ಥೆಯ ನಿರ್ದೇಶಕರಿಗೆ ಚೆನ್ನಾಗಿ ಗೊತ್ತು, ಏಕೆಂದರೆ ಅವರೇ ಬ್ಯಾಂಕಿನ ಅಧಿಕಾರಿ.

ಇಷ್ಟಕ್ಕೆ ನಿಂತಿದ್ದರೂ ಒಳ್ಳೆಯ ತರಬೇತಿಯೇ ಆಗುತ್ತಿತ್ತು. ಅದನ್ನು ಬೇರೆಯಾಗಿಸಿದ್ದು ತರಬೇತಿ ಮುಗಿದ ಮೇಲಿನ ಎರಡು ವರ್ಷ. ಆ ಅವಧಿಯುದ್ದಕ್ಕೂ ಸಂಸ್ಥೆ ಬೆನ್ನಿಗಿರುತ್ತದೆ. ಸಾಲ ಸಿಕ್ಕಿತೇ, ಅಂಗಡಿ ತೆರೆದೆಯಾ, ಗಿರಾಕಿ ಬರುತ್ತಿದ್ದಾರೆಯೇ ಎಂದು ವಿಚಾರಿಸುತ್ತದೆ, ಕೆಲವೊಮ್ಮೆ ಅಂಗಡಿಗೇ ಹೋಗಿ ನೋಡುತ್ತದೆ. ಸಲಹೆ ಕೊಟ್ಟವರು ಅದರ ಪರಿಣಾಮ ನೋಡಲು ಮತ್ತೆ ಬರುವುದು ನಮ್ಮಲ್ಲಿ ಎಷ್ಟು ಅಪರೂಪ! ಮೊದಲ ಆರು ತಿಂಗಳ ನಷ್ಟಕ್ಕೆ ಹೆದರಿ ಬಾಗಿಲು ಹಾಕುವ ಹುಡುಗನಿಗೆ ಬೇಕಾದದ್ದು ಹೊಸ ಉಪದೇಶವಲ್ಲ, ಒಳಗೆ ಬಂದು ಅವನ ಲೆಕ್ಕದ ಪುಸ್ತಕ ತೆರೆದು ನೋಡುವ ಒಬ್ಬ ಮನುಷ್ಯ.

ಉಜಿರೆಯಿಂದ ಶಾಖೆಗಳು ಹರಡಿದವು: ಬ್ರಹ್ಮಾವರ, ಮೈಸೂರು, ಚಿತ್ರದುರ್ಗ, ಧಾರವಾಡ, ವಿಜಯಪುರ, ರಾಜ್ಯದಾಚೆ ಕಣ್ಣೂರು, ಅನಂತಪುರ, ಮದುರೆ, ಗಾಜಿಯಾಬಾದ್. 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ದೇಶಕ್ಕೆಲ್ಲ ಒಪ್ಪಿಕೊಂಡಿತು. ಜಿಲ್ಲೆಗೊಂದು ಸಂಸ್ಥೆ, ಸಾಮಾನ್ಯವಾಗಿ ಆ ಜಿಲ್ಲೆಯ ಲೀಡ್ ಬ್ಯಾಂಕಿನ ಹೊಣೆ. ರಾಜ್ಯ ಸರ್ಕಾರದ ಜಾಗ, ಕಟ್ಟಡಕ್ಕೆ ಕೇಂದ್ರದಿಂದ 1 ಕೋಟಿ ರೂಪಾಯಿ. ಸೇರುವವರಲ್ಲಿ ಶೇಕಡ 70ರಷ್ಟು ಮಂದಿ ಬಡತನ ರೇಖೆಗಿಂತ ಕೆಳಗಿನ ಗ್ರಾಮೀಣ ಕುಟುಂಬದವರಾಗಿರಬೇಕೆಂಬ ನಿಯಮವೂ ಬಂತು. ಆರ್‌ಸೆಟಿ ಎಂಬ ಹೆಸರಿನ ಇಂಥ ಕೇಂದ್ರಗಳು ಈಗ ಐನೂರಕ್ಕೂ ಹೆಚ್ಚಿವೆ. ಅಲ್ಲಿ ಕಲಿಸುವವರನ್ನು ಸಿದ್ಧಪಡಿಸಲು ಬೆಂಗಳೂರಿನಲ್ಲಿ ರುಡ್‌ಸೆಟ್‌ನ ರಾಷ್ಟ್ರೀಯ ಅಕಾಡೆಮಿಯಿದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ವಿಲೀನವಾಯಿತು. ಸಂಸ್ಥೆಯ ಕೆಲಸ ನಿಲ್ಲಲಿಲ್ಲ.

ಹರಡಿದ ಮೇಲೆ ಒಂದು ಆತಂಕವೂ ಹುಟ್ಟುತ್ತದೆ. ಇಷ್ಟು ತಂಡ, ಇಷ್ಟು ಮಂದಿ, ಇಷ್ಟು ಪ್ರಮಾಣಪತ್ರ ಎಂಬ ಗುರಿ ಮೇಲಿನಿಂದ ಬಂದಾಗ ಮೊದಲು ಸೊರಗುವುದು ಎರಡನೆಯ ವರ್ಷದ ಆ ಭೇಟಿ. ವಾಹನ, ಸಿಬ್ಬಂದಿ, ಸಮಯ ಎಲ್ಲವನ್ನೂ ಬೇಡುವ ಕೆಲಸ ಅದು. ವರದಿಯಲ್ಲಿ ಒಂದು ಸಾಲಾಗಿ ಮಾತ್ರ ಕಾಣುತ್ತದೆ. ಅದನ್ನು ಕಳೆದುಕೊಂಡ ಕೇಂದ್ರ ಟ್ರೈಸೆಮ್ ಬಿದ್ದ ಹಳ್ಳಕ್ಕೇ ಬೀಳುತ್ತದೆ. ಬ್ಯಾಂಕುಗಳೂ ಸರ್ಕಾರವೂ ಮೊದಲು ಕಾಪಾಡಬೇಕಾದದ್ದು ಆ ಭೇಟಿಯನ್ನೇ. ತರಬೇತಿ ಪಡೆದ ಎಲ್ಲರೂ ಅಂಗಡಿ ತೆರೆಯಲೇಬೇಕೆಂದೂ ಇಲ್ಲ. ಕಲಿತದ್ದರ ಬಲದಿಂದ ಸಂಬಳದ ಕೆಲಸಕ್ಕೆ ಹೋದವರನ್ನೂ ನೆಲೆ ಕಂಡವರೆಂದೇ ಈ ಕೇಂದ್ರಗಳು ಎಣಿಸುತ್ತವೆ, ಅದು ಸರಿಯೂ ಹೌದು.

ಹದಿನೆಂಟು ತುಂಬಿದ ಹಳ್ಳಿಯ ಹುಡುಗ ಹುಡುಗಿಯರು ತಮ್ಮ ಜಿಲ್ಲೆಯ ಲೀಡ್ ಬ್ಯಾಂಕಿನಲ್ಲಿ ವಿಚಾರಿಸಿದರೆ ಕೇಂದ್ರದ ವಿಳಾಸ ಸಿಗುತ್ತದೆ. ಆದರೆ ನನ್ನ ಇನ್ನೊಂದು ಆಸೆ ಹೆತ್ತವರಿಗೆ ಸಂಬಂಧಿಸಿದ್ದು. ಪಿಯುಸಿ ಫಲಿತಾಂಶ ಬಂದ ವಾರ ತಾಲ್ಲೂಕಿನ ಒಂದೊಂದು ಕಾಲೇಜು ತನ್ನ ಸಭಾಂಗಣಕ್ಕೆ ಅಪ್ಪ ಅಮ್ಮಂದಿರನ್ನು ಮಕ್ಕಳ ಜೊತೆ ಕರೆಯಲಿ. ಹತ್ತಿರದ ಆರ್‌ಸೆಟಿಯಿಂದ ಒಬ್ಬ ತರಬೇತುದಾರರು ಬರಲಿ. ಬಡಗಿಯ ಅಂಗಡಿಯಲ್ಲಿ ಉಳಿದ ಮರದ ತುಂಡುಗಳು, ಕಣ್ಣಿಗೆ ಕಟ್ಟಲು ಒಂದು ಬಟ್ಟೆ, ಒಂದು ಮಧ್ಯಾಹ್ನ, ಖರ್ಚು ಇಷ್ಟೇ. ಮಕ್ಕಳು ಪೇರಿಸಲಿ, ಹೆತ್ತವರು ಪಕ್ಕದಲ್ಲಿ ನಿಂತು ಮಾತಾಡಲಿ. ಯಾವ ಕೋರ್ಸು ಎಂಬ ಚರ್ಚೆಯನ್ನು ಅದಾದ ಮೇಲೆ ಇಟ್ಟುಕೊಳ್ಳೋಣ.