ಲಿಂಬೆ ಜಾತಿಯ ಗಿಡಗಳಲ್ಲಿ ಗ್ರೀನಿಂಗ್ ರೋಗ ಹಾಗೂ ಸಿಲ್ಲಾ ಕೀಟದ ಹತೋಟಿ

ಬೈಂದೂರು ತಾಲ್ಲೂಕಿನ ಬಿಜೂರಿನಂತಹ ಕರಾವಳಿ ಗ್ರಾಮಗಳ ಹಿತ್ತಲುಗಳಲ್ಲಿ ಲಿಂಬೆ ಗಿಡದ ಸಮೀಪದಲ್ಲಿಯೇ ಕರಿಬೇವಿನ ಗಿಡವಿರುವುದು ಸಾಮಾನ್ಯ. ಇವೆರಡೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದ್ದು, ಸಿಲ್ಲಾ ಎಂಬ ಸಣ್ಣ ಕೀಟವು ಎರಡರ ಚಿಗುರಿನಲ್ಲಿಯೂ ಸಂತಾನಾಭಿವೃದ್ಧಿ ಮಾಡುತ್ತದೆ. ಲಿಂಬೆ ಜಾತಿಯ ಗಿಡಗಳಿಗೆ ಗ್ರೀನಿಂಗ್ ರೋಗವನ್ನು ಹರಡುವುದು ಇದೇ ಕೀಟ.

ಕೊಡಗಿನ ಕಾಫಿ ತೋಟಗಳಲ್ಲಿ ಮಿಶ್ರ ಬೆಳೆಯಾಗಿದ್ದ ಪ್ರಸಿದ್ಧ ಕಿತ್ತಳೆಯು ಕ್ಷೀಣಿಸಲು ಈ ರೋಗವು ಪ್ರಮುಖ ಕಾರಣಗಳಲ್ಲೊಂದು. ಗಿಡಗಳು ತುದಿಯಿಂದ ಒಣಗುತ್ತ ಬರುವುದಕ್ಕೆ ಮಣ್ಣು, ಪೋಷಕಾಂಶ, ಆರೈಕೆಯ ಕೊರತೆಗಳೇ ಕಾರಣವೆಂದು ದೀರ್ಘಕಾಲ ಭಾವಿಸಲಾಗಿತ್ತು. 1966ರಲ್ಲಿ ಆಸ್ಟ್ರೇಲಿಯಾದ ಲಿಲಿಯನ್ ಫ್ರೇಸರ್ ಹಾಗೂ ಭಾರತೀಯ ವಿಜ್ಞಾನಿಗಳು ಗ್ರೀನಿಂಗ್ ರೋಗವೇ ಇದಕ್ಕೆ ಸಂಭವನೀಯ ಕಾರಣವೆಂದು ತಿಳಿಸಿದರು. 1967ರಲ್ಲಿ ಕಪೂರ್ ಮತ್ತು ಸಹೋದ್ಯೋಗಿಗಳು ಸಿಲ್ಲಾ ಕೀಟವು ರೋಗವಾಹಕವೆಂದು ತೋರಿಸಿದರು. ಆಗ ವೈರಸ್ ಎಂದು ತಿಳಿಯಲಾಗಿದ್ದ ರೋಗಾಣುವು ಆಹಾರನಾಳದಲ್ಲಿ ನೆಲೆಸುವ ದುಂಡಾಣುವೆಂಬುದು ಅನಂತರ ದೃಢಪಟ್ಟಿತು. ರೋಗ ತಗಲಿದ ಗಿಡವನ್ನು ಸಂಪೂರ್ಣ ಗುಣಪಡಿಸುವ ವಿಧಾನ ಇಂದಿಗೂ ಇಲ್ಲ.

ರೋಗವನ್ನು ಗುರುತಿಸುವುದರಲ್ಲಿಯೇ ತಪ್ಪುಗಳಾಗುತ್ತವೆ. ಸತುವಿನ ಕೊರತೆಯಿದ್ದಲ್ಲಿ ಎಲೆಯ ನಡುನರದ ಎರಡೂ ಬದಿಗಳಲ್ಲಿ ಹಳದಿ ಬಣ್ಣವು ಬಹುತೇಕ ಸಮನಾಗಿರುತ್ತದೆ. ಗ್ರೀನಿಂಗ್ ರೋಗದಲ್ಲಿ ಒಂದು ಬದಿಯ ಮಚ್ಚೆಗಳು ಇನ್ನೊಂದು ಬದಿಗೆ ಹೊಂದಿಕೆಯಾಗುವುದಿಲ್ಲ. ಕಾಯಿಗಳು ಓರೆಯಾಗಿ ಬೆಳೆದು, ಮಾಗಿದರೂ ತುದಿಯಲ್ಲಿ ಹಸಿರಾಗಿಯೇ ಉಳಿಯುತ್ತವೆ, ಬೀಜಗಳು ಜೊಳ್ಳಾಗಿರುತ್ತವೆ. ರೋಗಗ್ರಸ್ತ ಎಲೆಯಲ್ಲಿ ಪಿಷ್ಟ ಸಂಗ್ರಹವಾಗುವುದರಿಂದ ಎಲೆಯ ಕತ್ತರಿಸಿದ ಅಂಚನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿದಾಗ ಕಪ್ಪಾಗುತ್ತದೆ. ಇದು ಸ್ಥೂಲ ಪರೀಕ್ಷೆ ಮಾತ್ರ; ಖಚಿತತೆಗೆ ಪ್ರಯೋಗಾಲಯದ ಪಿಸಿಆರ್ ಪರೀಕ್ಷೆ ಅವಶ್ಯಕ. ಸತುವಿನ ಕೊರತೆಯೆಂದೇ ಭಾವಿಸಿ ಗೊಬ್ಬರ ನೀಡುತ್ತ ಎರಡು ಮೂರು ವರ್ಷ ಕಳೆದಲ್ಲಿ ಅಷ್ಟರೊಳಗೆ ನೆರೆಯ ಗಿಡಗಳಿಗೂ ರೋಗ ಹರಡಿರುತ್ತದೆ. ಕಿತ್ತಳೆ, ಮೂಸಂಬಿಗಳಲ್ಲಿ ಹಾನಿ ತೀವ್ರವಾಗಿದ್ದು, ಲಿಂಬೆಯಲ್ಲಿ ಲಕ್ಷಣಗಳು ಅಷ್ಟಾಗಿ ಎದ್ದು ಕಾಣದಿರಬಹುದು. ಆದುದರಿಂದ ಹಿತ್ತಲಿನ ಲಿಂಬೆ ಚೆನ್ನಾಗಿದೆ ಎಂಬ ಧೈರ್ಯದಿಂದ ಅದರ ಪಕ್ಕದಲ್ಲಿ ಕಿತ್ತಳೆ ನೆಡುವುದು ಸೂಕ್ತವಲ್ಲ.

ಕಸಿ ಕಡ್ಡಿಯ ಮೂಲಕವೂ ರೋಗ ಹರಡುವುದರಿಂದ ಮೂಲ ತಿಳಿಯದ ಕಸಿ ಗಿಡಗಳನ್ನು ಖರೀದಿಸಬಾರದು. ಚಿಗುರೊಡೆಯುವ ಸಮಯದಲ್ಲಿ ಎಳೆ ಎಲೆಗಳ ಕೆಳಭಾಗವನ್ನು ಪರೀಕ್ಷಿಸುವುದು. ಪ್ರೌಢ ಕೀಟವು ತಲೆ ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ ಕುಳಿತಿರುತ್ತದೆ. ಮರಿಗಳು ಬಿಳಿಯ ಮೇಣದಂತಹ ಎಳೆಗಳನ್ನು ಹೊರಹಾಕುತ್ತವೆ. ಕೀಟ ಕಂಡಲ್ಲಿ ಪ್ರತಿ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಹಾಗೂ ಸ್ವಲ್ಪ ಸಾಬೂನಿನ ದ್ರಾವಣ ಬೆರೆಸಿ, ಮಳೆ ಬಿಡುವು ನೀಡಿದಾಗ ಸಿಂಪಡಿಸುವುದು. ಅಡುಗೆಗೆ ಬಳಸುವ ಕರಿಬೇವಿಗೆ ವಿಷಕಾರಿ ಕೀಟನಾಶಕ ಸಿಂಪಡಿಸದೆ, ಕೀಟಬಾಧಿತ ಚಿಗುರುಗಳನ್ನು ಚಿವುಟಿ ನಾಶಪಡಿಸುವುದು. ರೋಗ ದೃಢಪಟ್ಟ ಗಿಡವನ್ನು ಕೀಳುವ ಮೊದಲು ಅದರಲ್ಲಿರುವ ಸಿಲ್ಲಾ ಕೀಟಗಳನ್ನು ನಾಶಪಡಿಸಬೇಕು; ಇಲ್ಲವಾದಲ್ಲಿ ಅವು ಪಕ್ಕದ ಗಿಡಕ್ಕೆ ಹಾರುತ್ತವೆ.

ಲಿಂಬೆ ಎಲೆಗಳ ಮೇಲೆ ರಂಗೋಲಿಯಂತಹ ಗೆರೆಗಳಿದ್ದಲ್ಲಿ ಅದು ಎಲೆ ಸುರಂಗ ಕೀಟದ ಬಾಧೆ. ಈ ಗಾಯಗಳ ಮೂಲಕ ಕಜ್ಜಿ ರೋಗವು ಸುಲಭವಾಗಿ ಪ್ರವೇಶಿಸುವುದರಿಂದ, ಮಳೆ ಹೆಚ್ಚಿರುವ ಕರಾವಳಿಯಲ್ಲಿ ಇದನ್ನು ಅಲಕ್ಷಿಸುವಂತಿಲ್ಲ.

ರೈತ ಬಾಂಧವರು ಹೆಚ್ಚಿನ ಸಲಹೆಗಾಗಿ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ. ಮಾದರಿ ಎಲೆಗಳನ್ನು ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿಯೇ ಕೊಂಡೊಯ್ಯತಕ್ಕದ್ದು.